ಅಣ್ಣನ ಕೆಂಪು ಹುಂಜ

"ಕಾಣ್ತದಾ ಮಗಾ?" ಎನ್ನುತ್ತ ಲಕ್ಷ್ಮೀನಾರಾಯಣ ರೈಗಳು ಪುತ್ತೂರು ಕಡೆಯ ಬಯಲಿನಲ್ಲಿ ಕೆಂಪು ಹುಂಜವನ್ನು ಫೋನಿನ ಮುಂದೆ ಎತ್ತಿ ಹಿಡಿದರು. ಇಂಗ್ಲೆಂಡಿನ ಸಟನ್ ಕೋಲ್ಡ್‌ಫೀಲ್ಡಿನ ಅಪ್ಪನ ಮನೆಯ ಅಡುಗೆಮನೆಯಲ್ಲಿ ಕೂತ ಮಾಳವಿಕಾ, "ಯೆಸ್ ದೊಡ್ಡಪ್ಪ, ಕ್ಲಿಯರ್ ಆಗಿದೆ" ಎಂದಳು. ಅವಳಿಗೆ ತುಳು ಬಾರದೆಂದು ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು.

ಮಾಳವಿಕಾ ಲೀಡ್ಸಿನಲ್ಲಿ ಎಂ.ಎ. ಓದುತ್ತಾಳೆ. ಬಾಲಿ ದ್ವೀಪದ ಕೋಳಿ ಅಂಕ, ಅಂದರೆ ಹುಂಜಗಳ ಕಾಳಗ, ಮತ್ತು ಅದರ ಜೂಜು ಅವಳ ಪ್ರಬಂಧದ ವಿಷಯ. ಹೋಲಿಕೆಗೆ ಊರಿನ ಅಂಕವೂ ಬೇಕೆಂದು ದೊಡ್ಡಪ್ಪನಿಗೆ ತಾನೇ ಫೋನು ಹಚ್ಚಿದ್ದಳು. ಅವಳಪ್ಪ ಡಾಕ್ಟರ್ ವಿಶ್ವೇಶ್ವರ ರೈಗೆ ಆ ಧೈರ್ಯ ಐದು ವರ್ಷದಿಂದ ಬಂದಿರಲಿಲ್ಲ. ತಮ್ಮಿಬ್ಬರ ಅಮ್ಮನ ಉತ್ತರಕ್ರಿಯೆಗೆ ಡ್ಯೂಟಿ ರೋಟಾದ ನೆಪ ಹೇಳಿ ಹೋಗದೆ ಉಳಿದವನ ಜೊತೆ ಅಣ್ಣ ಮಾತು ಬಿಟ್ಟಿದ್ದರು. ಎಲ್ಲರ ಕಾಯಿಲೆಗೂ ಮದ್ದು ಬರೆಯುವ ಜಿಪಿ ಡಾಕ್ಟರಾದರೇನು, ಅಣ್ಣನ ಮುನಿಸಿಗೆ ಮದ್ದು ಬರೆದುಕೊಡಲು ಬರುತ್ತದೆಯೆ? ಇವತ್ತು ಚಹಾದ ಕಪ್ಪು ಹಿಡಿದು ಮಗಳ ಹಿಂದೆ, ಕ್ಯಾಮೆರಾಕ್ಕೆ ಅರ್ಧ ಕಾಣುವಂತೆ ನಿಂತಿದ್ದ. ಅಣ್ಣ ಒಂದೇ ಒಂದು ಮಾತು ಆಡಿದರೆ ಸಾಕಿತ್ತು.

ಅಣ್ಣ ಆಡಿಯೇಬಿಟ್ಟರು. "ಹಿಂದೆ ನಿಂತದ್ದು ವಿಶ್ವನಾ? ಹೇಗುಂಟು ನನ್ನ ಹುಂಜ?"

ವಿಶ್ವೇಶ್ವರ ಖುಷಿಯಲ್ಲಿ ಪರದೆಯ ಕಡೆ ಬಗ್ಗಿದ. ಅಣ್ಣನ ಹೆಗಲ ಮೇಲೆ ಕೂತು ಅಂಕ ನೋಡಿ ಬೆಳೆದವನು, ಹುಂಜ ನೋಡುವುದನ್ನು ಮರೆತಿರಲಿಲ್ಲ. ಹಾಳು ಬುದ್ಧಿ, ಕ್ಲಿನಿಕ್ಕಿನಲ್ಲಿ ರೋಗಿಯನ್ನು ನೋಡುವ ಹಾಗೆ ಬಾಯಿ ಬಿಟ್ಟ. "ಎಡಗಾಲಿಗೆ ಭಾರ ಕೊಡ್ತಾ ಇಲ್ಲ ಅಣ್ಣ. ಇವತ್ತು ಬಿಡ್ಬೇಡಿ, ಸೋಲ್ತದೆ."

ಫೋನು ಸ್ಪೀಕರಿನಲ್ಲಿತ್ತು. ಕಣದ ಸುತ್ತ ಇದ್ದವರಿಗೆಲ್ಲ ಕೇಳಿಸಿತು. ಯಾರೋ ನಕ್ಕರು. "ತಮ್ಮನೇ ಹೇಳ್ತಾನಲ್ಲ ರೈಗಳೇ," ಎಂದ ಎದುರು ಹುಂಜದವನು. ಅಣ್ಣನ ಮುಖ ಕಪ್ಪಿಟ್ಟಿತು.

"ನೀನು ಡಾಕ್ಟ್ರು. ನಿಂಗೆ ಗೊತ್ತು," ಎಂದರು.

ಮಾಳವಿಕಾ ಮ್ಯೂಟ್ ಒತ್ತಿ ಅಪ್ಪನ ಕಡೆ ತಿರುಗಿದಳು. "ಡ್ಯಾಡ್, ಸೀರಿಯಸ್ಲಿ? ಬಾಲಿಯಲ್ಲಿ ಫ್ಯಾಮಿಲಿ ಹುಂಜ ಸೋಲತ್ತೆ ಅಂತ ಗೊತ್ತಿದ್ರೂ ಅದ್ರ ಮೇಲೇ ದುಡ್ಡು ಕಟ್ಬೇಕು. ಇಲ್ದಿದ್ರೆ ನೀವು ಫ್ಯಾಮಿಲಿನೇ ಅಲ್ಲ."

"ನಮ್ಮ ಮನೆಯಲ್ಲೂ ಹಾಗೇ ಇತ್ತು," ಎಂದ ವಿಶ್ವೇಶ್ವರ. ಕಪ್ಪನ್ನು ಕೆಳಗಿಟ್ಟು, ಮ್ಯೂಟ್ ತೆಗೆದ.

"ಅಣ್ಣ, ನನ್ನದೂ ಕಟ್ಟಿ."

"ಯಾವುದರ ಮೇಲೆ?"

"ಇದೆಂಥ ಕೇಳುವುದು? ನಮ್ಮ ಹುಂಜದ ಮೇಲೆ. ನಿಮ್ಮಷ್ಟೇ."

"ಸೋಲ್ತದೆ ಅಂದಿಯಲ್ಲ."

"ಸೋಲಲಿ ಬಿಡಿ."

ಅಣ್ಣ ಫೋನನ್ನು ಪಕ್ಕದವನಿಗೆ ಕೊಟ್ಟು, ಹುಂಜದ ಕಾಲಿಗೆ ಕತ್ತಿ ಕಟ್ಟಲು ಕೂತರು. ಪಂದ್ಯ ನೋಡನೋಡುತ್ತ ಮುಗಿಯಿತು. ಎಡಗಾಲು ಕುಸಿದು ಕೆಂಪು ಹುಂಜ ಮಣ್ಣಿಗೆ ಬಿತ್ತು. ಸತ್ತ ಹುಂಜ ಗೆದ್ದವನ ಮನೆಯ ಸಾರಿಗೆ ಎಂಬುದು ಅಂಕದ ನಿಯಮ. ಅವನು ಕಾಲು ಹಿಡಿದು ಎತ್ತಿಕೊಂಡು ಹೋದ.

ಫೋನು ಅಣ್ಣನ ಕೈಗೆ ಮರಳಿತು. ವಿಶ್ವೇಶ್ವರ ಬೈಸಿಕೊಳ್ಳಲು ತಯಾರಾಗಿ ನಿಂತ.

"ಇಬ್ಬರದ್ದೂ ಹೋಯ್ತಲ್ಲ ಮಾರಾಯ," ಎಂದರು ಅಣ್ಣ. "ತಿಂಡಿ ಆಯ್ತಾ ನಿಂದು?"

"ಇಲ್ಲ," ಅಂದ ವಿಶ್ವೇಶ್ವರ. ತಿಂದು ಗಂಟೆಯಾಗಿತ್ತು.

"ಹಾಗಾದ್ರೆ ತಿನ್ನು. ನಾನು ಮನೆಗೆ ನಡೀತೇನೆ. ಫೋನ್ ಇಡ್ಬೇಡ."

ಮಾಳವಿಕಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಪರದೆಯ ಮೇಲೆ ಒಮ್ಮೆ ಅಣ್ಣನ ಗದ್ದ, ಒಮ್ಮೆ ಆಕಾಶ. ವಿಶ್ವೇಶ್ವರ ಅದರ ಮುಂದೆ ಕೂತು ಎರಡನೆಯ ಸಲ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ.