ಮುಕಾದಮನ ನಂಬರಿಗೆ ಬಂದ ಮೆಸೇಜು

"ಏ ದೌಲ್ಯಾ! ರಕ್ತ ಕಾರೋ ಹೆಣ್ಣನ್ನ ನಮ್ಮ ಮನಿಗಿ ಗಂಟು ಹಾಕ್ಲಾಕ ಬಂದೀಯೇನಲೇ, ಹರಾಮಖೋರ?"

ನೆಹರು ಗಂಜ್ ಮಾರುಕಟ್ಟೆಯ ಚಹಾದಂಗಡಿ ಮುಂದೆ ಗ್ಲಾಸು ತುಟಿಗೆ ಹಿಡಿದಿದ್ದ ಹಮಾಲರೆಲ್ಲ ಹಾಗೇ ನಿಂತರು. ಕೂಗಿದವನು ಅವರ ಮೇಸ್ತ್ರಿ, ಮುಕಾದಮ ಜಗದೇವಪ್ಪ. ಅವನ ಅಣ್ಣನ ಮಗ ಸೂರ್ಯಕಾಂತನಿಗೆ ಹಮಾಲ ದೌಲಪ್ಪನ ತಂಗಿ ಮಲ್ಕಮ್ಮನನ್ನು ಗೊತ್ತುಮಾಡಿ, ಆಕೆಯ ಊರು ಕಮಲಾಪುರದಲ್ಲಿ ಸಕ್ಕರೆ ತಿನ್ನಿಸಿ ಇನ್ನೂ ಹದಿನೈದು ದಿನ ಆಗಿರಲಿಲ್ಲ.

ಜಗದೇವಪ್ಪ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು, ಇಂಗ್ಲಿಷ್ ಅಕ್ಷರದ ಕನ್ನಡವನ್ನು ಕೂಡಿಸಿ ಕೂಡಿಸಿ ಓದಿದ. "ಮಲ್ಕಮ್ಮ, ಈ ವಾರ ಟಿಬಿ ಗುಳಿಗೆ ತಪ್ಪಿಸಿದ್ದೀರಾ? ಹೌದು ಒಂದು, ಇಲ್ಲ ಎರಡು. ಕಫದಲ್ಲಿ ರಕ್ತ ಬರುತ್ತದೆಯಾ? ಹೌದು ಒಂದು, ಇಲ್ಲ ಎರಡು... ಯಾವ್ದು ಒತ್ಲೆಪಾ, ಹೆಣ್ಣಿನ ಕಡಿಯವ್ನೇ?"

ಮಂದಿ ನಕ್ಕಿತು.

ದೌಲಪ್ಪನ ಕಿವಿ ಕಾದ ಹಂಚಾಯಿತು. ಆ ನಂಬರು ಕೊಟ್ಟವನು ಅವನೇ. ರೇಷನ್ ಅರ್ಜಿಗೆ, ಮಕ್ಕಳ ಸಾಲಿಗೆ, ಊರಿನಿಂದ ಸಾವಿನ ಸುದ್ದಿ ಬರಲಿಕ್ಕೆ, ಎಲ್ಲಕ್ಕೂ ಹಮಾಲರು ಬರೆಸುತ್ತಿದ್ದದ್ದು ಮುಕಾದಮನ ನಂಬರನ್ನೇ. ದವಾಖಾನೆ ಕಿಟಕಿಯಲ್ಲಿ "ಫೋನ್ ನಂಬರ್?" ಅಂದಾಗ, ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಬಾಯಿಗೆ ತಾನಾಗಿ ಬಂದದ್ದೂ ಅದೇ ಹತ್ತು ಅಂಕಿ.

"ಕಾಕಾ, ಆಕಿಗಿ ಆರಾಮ ಆಗ್ಯಾದ. ಇನ್ನೊಂದೇ ತಿಂಗಳ ಗುಳಿಗಿ ಉಳದದ. ಈಗ ಯಾರಿಗೂ ಹತ್ತಂಗಿಲ್ಲ ಅಂತ ಡಾಕ್ಟರೇ ಹೇಳ್ಯಾರ."

"ಮುಚ್ಚಿಟ್ಟು ದಾಟಿಸ್ಲಾಕ ನೋಡ್ದಿ, ಮಗನ! ನಾಳಿ ಕಮಲಾಪುರಕ್ಕ ಬಂದು ನಿಮ್ಮ ಓಣ್ಯಾಗ ನಿಂತು ಇದನ್ನೇ ಓದ್ತೀನಿ. ಆ ಕೆಮ್ಮೋ ಕುನ್ನಿನ ಯಾ ನಾಯಿ ಮೂಸ್ತದ ನೋಡಮು."

ಮಾತು ಮುಗಿಯುವುದರೊಳಗೆ ದೌಲಪ್ಪನ ಹಣೆ ಮುಕಾದಮನ ಬಾಯಿಗೆ ಬಡಿದಿತ್ತು. ಹಲ್ಲು ಕಟಕ್ಕೆಂದವು. ಮೊಬೈಲು ಕಸಿದು ಕಟ್ಟೆಯ ಮೇಲಿಟ್ಟು, ತಕ್ಕಡಿಯ ಐದು ಕಿಲೋ ಕಲ್ಲೆತ್ತಿ ಕುಟ್ಟಿದ. ಪುಡಿಯಾದ ಮೇಲೂ ಕುಟ್ಟಿದ. ಆಮೇಲೆ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಕೈಗೆ ಬಂತು. ಜಗದೇವಪ್ಪನ ತೋಳಿನ ಮಾಂಸಕ್ಕೆ ಸಿಕ್ಕಿಸಿ, ತೊಗರಿ ಚೀಲ ಎಳೆದಂತೆ ಎಳೆದ. ಮುಕಾದಮ ಹಂದಿ ಚೀರಿದಂತೆ ಚೀರಿದ.

ಹಿಂದಿನಿಂದ ಯಾರೋ ಒದ್ದರು, ದೌಲಪ್ಪ ನೆಲಕ್ಕೆ ಬಿದ್ದ. ಹೊರಳಿ ನೋಡಿದರೆ ಹಮಾಲರ ನಡುವಿನಿಂದ ನುಗ್ಗಿಬಂದ ಸೂರ್ಯಕಾಂತ. ಎದೆಯ ಮೇಲೆ ಕೂತು, ಒಂದೊಂದು ಮಾತಿಗೆ ಒಂದೊಂದು ಗುದ್ದು ಹಾಕಿದ.

"ನನಗ. ಒಂದ್. ಮಾತ್. ಹೇಳಿದ್ರ. ಏನಾಗ್ತಿತ್ತೋ? ಗುಳಿಗಿ ನಾನೇ ತಂದು ಕುಡಸ್ತಿದ್ದೆ. ಈಗ ಇಡೀ ಗಂಜಿಗಿ ಗೊತ್ತಾಗ್ಯಾದ. ನಮ್ಮವ್ವ ಹೊಸ್ತಿಲ ದಾಟಗೊಡ್ತಾಳೇನು? ಮುಗೀತು, ಹೋಗು."

ದೌಲಪ್ಪ ಕೈ ಎತ್ತಲಿಲ್ಲ. ಸೂರ್ಯಕಾಂತ ದಣಿದು ತಾನೇ ಎದ್ದ. ಹಮಾಲರು ಮುಕಾದಮನ ತೋಳಿಗೆ ಟವೆಲ್ಲು ಸುತ್ತಿ ಆಟೋದಲ್ಲಿ ಹಾಕಿಕೊಂಡು ಹೋದರು.

ಆಟೋ ಹೋದ ಧೂಳಿನಲ್ಲಿ ಹೆಗಲಚೀಲದ ಹೆಣ್ಣುಮಗಳೊಬ್ಬಳು ಬಂದಳು. "ನಾ ಕಸ್ತೂರಿಬಾಯಿ ಅಂತ್ರಿ, ಟಿಬಿ ಸರ್ವೇದಾಕಿ. ಮಲ್ಕಮ್ಮನ ಕಡಿಯವರು ಯಾರ್ರೀ? ಮೆಸೇಜಿಗಿ ಜವಾಬ್ ಬಂದಿಲ್ಲ, ಈಗ ಫೋನ್ ಹತ್ತವಲ್ದು. ನಂಬರ್ ಇಲ್ಲಿ ಮುಕಾದಮರದು ಅಂತ ಗೊತ್ತಾಗಿ ಬಂದೀನಿ."

ಚಹಾದವನು ಬೆರಳು ತೋರಿಸಿದ. ಆಕೆ ನೆಲದ ಮೇಲೆ ಕೂತವನ ಒಡೆದ ಮುಖ ನೋಡಿ ಹಿಂಜರಿದಳು. ಆದರೂ ಫಾರ್ಮು ತುಂಬಬೇಕಲ್ಲ, ಪೆನ್ನು ತೆಗೆದಳು.

"ಒಂದೇ ಸವಾಲ್ ಕೇಳ್ತೀನಿ, ಅಣ್ಣಾ. ಮನಿ ಮಂದಿ ಆರೋಗ್ಯದ ಬಗ್ಗೆ ಹಿಂಗ ಮೊಬೈಲ್‌ನ್ಯಾಗ ಕೇಳೋದು ನಿಮಗ ಒಪ್ಪಿಗಿ ಅದೇನ್ರಿ? ಹೌದು ಬರೀಲೇನು, ಇಲ್ಲ ಬರೀಲೇನು?"

ದೌಲಪ್ಪ ಎದ್ದ. ಬಾಯಿ ತುಂಬಿದ್ದ ರಕ್ತ ಉಗುಳಿ, ಆಕೆಯನ್ನು ದಾಟಿ, ಕಮಲಾಪುರದ ಬಸ್ಸು ನಿಲ್ಲುವ ಕಡೆ ನಡೆದ.