ಹತ್ತಿ ಮನೆಯ ಬೆಂಕಿ

ಪಂಪಣ್ಣನ ಮನೆಗೆ ಹತ್ತಿ ಬಂತೆಂದರೆ ಬೆಂಕಿ ಹೊರಗೆ ಹೋಗಬೇಕು. ಇದು ಅವನ ಅಪ್ಪನ ಕಾಲದಿಂದ ನಡೆದು ಬಂದ ಕಟ್ಟಳೆ. ಬಿಡಿಸಿದ ಹತ್ತಿ ಪಡಸಾಲೆಯಲ್ಲಿ ಜಂತೆ ಮುಟ್ಟುವಂತೆ ಬಿದ್ದಿರುವಷ್ಟು ದಿನ ಒಲೆ, ಗ್ಯಾಸು, ದೇವರ ದೀಪ ಎಲ್ಲಕ್ಕೂ ಹಿತ್ತಲಿನ ತಗಡಿನ ಚಪ್ಪರವೇ ಗತಿ. ಎದುರುಮನೆಯ ಆದೆಪ್ಪ, ಕುರಿ ಸಾಕುವವನು, ಒಮ್ಮೆ ಮರೆತು ಕಿವಿಗೆ ಬೀಡಿ ಸಿಕ್ಕಿಸಿಕೊಂಡು ಬಂದಾಗ, ಹಚ್ಚಿರದ ಆ ಬೀಡಿಯನ್ನೂ ಪಂಪಣ್ಣ ಬಾಗಿಲಾಚೆ ಇಡಿಸಿದ್ದ. ಆಂಧ್ರದ ಗೋನೆಗಂಡ್ಲದ ಸುತ್ತಿನ ಹತ್ತಿ ಬೆಳೆಯುವ ಊರುಗಳಲ್ಲಿ ಒಂದು ಕಿಡಿ ಏನು ಮಾಡಬಲ್ಲದೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಇಂಥ ಮನೆಯಲ್ಲಿ, ಅದೇ ಹತ್ತಿಯ ರಾಶಿಗೆ ಬೆನ್ನು ಕೊಟ್ಟು ಕೂತು, ಪಂಪಣ್ಣನ ಮಗಳು ಮಲ್ಲೇಶ್ವರಿ ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನಲ್ಲಿ ಬೆಂಕಿ ಹಚ್ಚುತ್ತಿದ್ದಳು.

ಹೈದರಾಬಾದಿನ ಒಂದು ವಿಡಿಯೋ ಗೇಮ್ ಕಂಪನಿ ಅವಳ ಕೈಚಳಕ ನೋಡಲೆಂದು ಕೆಲವು ತಿಂಗಳ ಮಟ್ಟಿಗೆ ಕೆಲಸ ಕೊಟ್ಟಿತ್ತು. ಊರಲ್ಲೇ ಇದ್ದು ಮಾಡಬಹುದಾದ ಕೆಲಸ. ಆಟದಲ್ಲಿ ಒಂದು ಹಳೆಯ ಕೋಟೆ, ಕೋಟೆಯ ಉಗ್ರಾಣಕ್ಕೆ ಬೆಂಕಿ ಬೀಳುತ್ತದೆ. ಆ ಬೆಂಕಿ ಮಲ್ಲಿಯ ಪಾಲಿಗೆ ಬಂದಿತ್ತು. ಕಿಡಿ, ಹೊಗೆ, ಬೂದಿ ಎಲ್ಲವೂ ಅಲ್ಲಿ ಸಾವಿರಾರು ಸಣ್ಣ ಚುಕ್ಕೆಗಳು. ಯಾವ ಚುಕ್ಕೆ ಎಲ್ಲಿ ಹುಟ್ಟಬೇಕು, ಎಷ್ಟು ಮೇಲೆ ಹಾರಬೇಕು, ಯಾವಾಗ ಆರಬೇಕು ಎಂದು ಒಂದೊಂದರ ಹಣೆಬರಹ ಬರೆಯುವುದು ಅವಳ ಕೆಲಸ. ಬ್ರಹ್ಮನಿಗೆ ಇಷ್ಟು ತಲೆನೋವು ಇದ್ದಿರಲಾರದು, ಅವನು ಬರೆದದ್ದನ್ನು ತಿದ್ದಿ ತಾ ಎಂದು ಯಾರೂ ತಿರುಗಿ ಕಳಿಸುವುದಿಲ್ಲ.

ಮಲ್ಲಿಯ ಬೆಂಕಿಯಂತೂ ಎರಡು ಸಲ ತಿರುಗಿ ಬಂದಿತ್ತು. ಕಂಪನಿಯಲ್ಲಿ ಅವಳ ಕೆಲಸ ನೋಡುವ ಚೇತನಾ ಎಂದೂ ದನಿ ಏರಿಸಿದವಳಲ್ಲ. ನಯವಾಗಿಯೇ ಸತ್ಯ ಹೇಳುತ್ತಿದ್ದಳು. ಜ್ವಾಲೆ ಚೆಂದ ಇದೆ, ಆದರೆ ಗೋಡೆಗೆ ಅಂಟಿಸಿದ ಕ್ಯಾಲೆಂಡರಿನ ಚಿತ್ರದಂತಿದೆ, ಇದನ್ನು ನೋಡಿ ಯಾರಿಗೂ ಓಡಬೇಕೆನ್ನಿಸುವುದಿಲ್ಲ ಎಂದಿದ್ದಳು. ಶನಿವಾರ ಸಂಜೆ ಇನ್ನೊಂದು ಸಲ ನೋಡುತ್ತೇನೆ, ಆಗಲೂ ಕೂಡಿ ಬರದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದೂ ಸೇರಿಸಿದ್ದಳು.

ಇತ್ತ ಪಂಪಣ್ಣ ಸುಮ್ಮನೆ ಕೂತಿರಲಿಲ್ಲ. ಎಮ್ಮಿಗನೂರಿನ ಒಂದು ಖಾಸಗಿ ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಮಗಳ ಹೆಸರು ಹೇಳಿ ಬಂದಿದ್ದ. ಕಂಪನಿಯವರು ಬೇಡವೆಂದರೆ ಸೋಮವಾರದಿಂದ ಅಲ್ಲಿಗೆ ಹೋಗಬೇಕು ಎಂದು ಮಾತಾಗಿತ್ತು. ಅವನೇನು ಕೆಟ್ಟ ಅಪ್ಪನಲ್ಲ, ಮಗಳು ಮಾಡುವ ಕೆಲಸ ಅವನ ಕೈಗೆ ಸಿಗುತ್ತಿರಲಿಲ್ಲ ಅಷ್ಟೇ. ಊಟಕ್ಕೆ ಕೂತಾಗ ಒಂದೇ ಮಾತು ಹೇಳುತ್ತಿದ್ದ.

“ಬೀಡಿ ಹಚ್ಚಾಕ ಬರಲಾರದ ಬೆಂಕಿ ಅದು. ಅದನ್ನ ತಗೊಂಡು ಯಾರ್ ಏನ್ ಮಾಡ್ತಾರ ತಾಯಿ?”

ಈ ಕೆಲಸ ಉಳಿಯಬೇಕು ಎಂಬುದೊಂದೇ ಮಲ್ಲಿಗೆ ಗೊತ್ತಿತ್ತು. ಚಿಕ್ಕಂದಿನಿಂದ ಅವಳು ಯಾವುದಕ್ಕೂ ಇಷ್ಟು ಆಸೆಪಟ್ಟಿರಲಿಲ್ಲ.

ಶುಕ್ರವಾರ ಸಂಜೆ ತಲೆ ಕೆಟ್ಟು ಹಿತ್ತಲಿಗೆ ಬಂದಳು. ಚಪ್ಪರದಡಿ ಅವ್ವ ಜಂಬಮ್ಮ ಒಲೆಗೆ ಹೋದ ವರ್ಷದ ಹತ್ತಿಕಟ್ಟಿಗೆ ತುರುಕಿ ರೊಟ್ಟಿ ಬಡಿಯುತ್ತಿದ್ದಳು. ಮಲ್ಲಿ ಮುಖ ಗಂಟು ಹಾಕಿಕೊಂಡು ಎದುರಿಗೆ ಕೂತಳು. ಒಲೆಯ ಬಾಯಿ ಅವ್ವನ ಕಡೆಗಿತ್ತು, ಮಲ್ಲಿಗೆ ಉರಿ ಕಾಣುತ್ತಲೇ ಇರಲಿಲ್ಲ. ಆದರೂ ಬೆಂಕಿ ಇದೆ ಎಂದು ತಿಳಿಯುತ್ತಿತ್ತು. ಅವ್ವನ ಗಲ್ಲ ಕೆಂಪಾಗಿ ಅಲುಗುತ್ತಿತ್ತು, ಮೂಗುಬೊಟ್ಟು ಮಿಂಚಿ ಆರುತ್ತಿತ್ತು, ತಗಡಿನ ಮೇಲೆ ಬಿದ್ದ ಬೆಳಕು ಕೆಳಗಿಳಿದು ಹಿಟ್ಟಿನ ಪರಾತವನ್ನೂ ಕೆಂಪು ಮಾಡುತ್ತಿತ್ತು.

ಇಷ್ಟು ದಿನ ತಾನು ಬರೀ ಉರಿಯ ಹಿಂದೆ ಬಿದ್ದಿದ್ದೆನಲ್ಲ ಎಂದು ಮಲ್ಲಿ ತಲೆ ತಲೆ ಚಚ್ಚಿಕೊಂಡಳು. ಬೆಂಕಿ ಕಾಣುವುದು ಅದರ ಸುತ್ತಲಿನ ವಸ್ತುಗಳ ಮೇಲೆ. ರೊಟ್ಟಿ ತಿನ್ನುತ್ತೀಯಾ ಎಂದು ಅವ್ವ ಕೇಳುವಷ್ಟರಲ್ಲಿ ಮಗಳು ಅಲ್ಲಿರಲಿಲ್ಲ.

ಹಿಂದೆಲ್ಲ ಗೇಮು ಮಾಡುವವರು ಯಾವ ಗೋಡೆಗೆ ಎಷ್ಟು ಬೆಳಕು ಎಂದು ಮೊದಲೇ ಬಳಿದಿಡುತ್ತಿದ್ದರು. ದೀಪ ಆಚೀಚೆ ಸರಿದರೂ ಬಳಿದ ಬೆಳಕು ಅಲ್ಲೇ ಪೆಚ್ಚಾಗಿ ನಿಂತಿರುತ್ತಿತ್ತು. ಗೇಮು ಕಟ್ಟುವ ಈಗಿನ ಎಂಜಿನ್ ಸಾಫ್ಟ್‌ವೇರುಗಳು ಹಾಗಲ್ಲ. ಬೆಳಕು ಗೋಡೆಗೆ ಬಡಿದು, ನೆಲಕ್ಕೆ ಬಂದು, ಅಲ್ಲಿಂದ ಇನ್ನೆಲ್ಲಿಗೆ ಹೋಯಿತು ಎಂದು ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕಿ ತೋರಿಸುತ್ತವೆ. ಮಲ್ಲಿ ಉರಿಯನ್ನು ಅರ್ಧ ಕಡಿಮೆ ಮಾಡಿ ಕೋಟೆಯ ಮೂಟೆಗಳ ಮರೆಗೆ ಸರಿಸಿದಳು. ಹಾರುವ ಕಿಡಿ ಒಂದೊಂದಕ್ಕೂ ಅದರದೇ ಚೂರು ಬೆಳಕು ಕೊಟ್ಟಳು. ಆ ಬೆಳಕಿಗೆ ಉಗ್ರಾಣದ ತೊಲೆ, ಕಂಬ, ನೆಲದ ಧೂಳು ಎಲ್ಲವೂ ಅಲುಗಾಡತೊಡಗಿದವು.

ಶನಿವಾರ ಸಂಜೆ ಫೋನಿನ ವಿಡಿಯೋ ಕಾಲಿನಲ್ಲಿ ಚೇತನಾ ಬಂದಳು. ಮಲ್ಲಿ ಫೋನನ್ನು ಇಡೀ ಪಡಸಾಲೆ ಕಾಣುವಂತೆ ಪಕ್ಕದ ಗೋಡೆಯ ಗೂಡಿನಲ್ಲಿ ಆನಿಸಿಟ್ಟು, ಕಂಪ್ಯೂಟರಿನ ವೈರನ್ನು ಗೋಡೆಯ ದೊಡ್ಡ ಟಿವಿಗೆ ಸಿಕ್ಕಿಸಿದಳು. ಕತ್ತಲಲ್ಲಿ ಚೆನ್ನಾಗಿ ಕಾಣಲೆಂದು ಟ್ಯೂಬ್‌ಲೈಟ್ ಆರಿಸಿ ಬೆಂಕಿಯನ್ನು ಬಿಟ್ಟಳು. ಟಿವಿಯ ಎದುರಿಗೇ ಹತ್ತಿಯ ರಾಶಿ ಇತ್ತು. ಬೀದಿಯ ಕಿಟಕಿಯಿಂದ ನೋಡುವವರಿಗೆ ಟಿವಿ ಕಾಣದು, ಹತ್ತಿ ಮಾತ್ರ ಕಾಣುತ್ತದೆ. ಇದನ್ನು ಮಲ್ಲಿ ಯೋಚಿಸಿರಲಿಲ್ಲ.

ಅದೇ ಹೊತ್ತಿಗೆ ಪಂಪಣ್ಣ ಆದೋನಿ ಮಾರ್ಕೆಟ್ ಯಾರ್ಡಿನಲ್ಲಿ ಹತ್ತಿಯ ಧಾರಣೆ ಕೇಳಿಕೊಂಡು ಬಂದು ಬೈಕು ನಿಲ್ಲಿಸುತ್ತಿದ್ದ. ಕಿಟಕಿಯೊಳಗೆ ನೋಡಿದ. ಬಿಳಿ ರಾಶಿಯ ತುಂಬ ಕೆಂಪು ಹರಿದಾಡುತ್ತಿತ್ತು, ಜಂತೆಯ ಮೇಲೆ ಕಿಡಿಯ ಬೆಳಕು ಕುಣಿಯುತ್ತಿತ್ತು. ಹತ್ತಿಗೆ ಬೆಂಕಿ ಬಿತ್ತೆಂದು ಅವನು ಕೂಗಿದ್ದಷ್ಟೇ, ಇಡೀ ಓಣಿ ಎದ್ದಿತು. ಆದೆಪ್ಪ ಕುರಿಗೆ ಇಟ್ಟಿದ್ದ ನೀರಿನ ಬಕೆಟ್ಟನ್ನೇ ಎತ್ತಿಕೊಂಡು ಓಡಿದ. ಅವನ ಹೆಂಡತಿ ಮೂಕಮ್ಮ ತುಂಬಿದ ಕೊಡ ಹೊತ್ತು ಹಿಂದೆ ಬಂದಳು, ಅವಳ ಹಿಂದೆ ಯಾಕೆಂದು ತಿಳಿಯದೆ ಎರಡು ಕುರಿಗಳೂ ಬಂದವು.

ಗದ್ದಲ ಕೇಳಿ ತಿರುಗಿದ ಮಲ್ಲಿಗೆ ಎಲ್ಲ ಅರ್ಥವಾಯಿತು. ಒದ್ದೆಯಾದ ಹತ್ತಿಯನ್ನು ಯಾರ್ಡಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ, ಒದ್ದೆಯಾದ ಕಂಪ್ಯೂಟರಿನ ಗತಿಯಂತೂ ಹೇಳುವುದೇ ಬೇಡ. ಓಡಿ ಹೋಗಿ ಹೊಸ್ತಿಲಲ್ಲಿ ಎರಡೂ ಕೈ ಚಾಚಿ ನಿಂತಳು.

“ನೀರು ಹಾಕಬ್ಯಾಡ್ರಿ! ಟಿವಿದು ಅದು, ಟಿವಿ ಬೆಂಕಿ!”

ಅವಳ ಬೆನ್ನಹಿಂದೆ ಪಡಸಾಲೆ ಧಗಧಗಿಸುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದವರು ಆ ಮಾತನ್ನು ಹೇಗೆ ನಂಬಬೇಕು? ಪಂಪಣ್ಣ ಆದೆಪ್ಪನ ಕೈಯಿಂದ ಬಕೆಟ್ ಕಸಿದು ಬೀಸಿಯೇ ಬಿಟ್ಟ. ನೀರೆಲ್ಲ ಮಲ್ಲಿಯ ಮೈಮೇಲೆ ಬಿತ್ತು. ಮೂಕಮ್ಮನ ಕೊಡ ಮೇಲೇಳುವುದರೊಳಗೆ ಮಲ್ಲಿ ಒಳಗೆ ಜಿಗಿದು, ಕೈಯನ್ನು ಹತ್ತಿಗೇ ಒರೆಸಿ, ಒಂದು ಕೀ ಒತ್ತಿದಳು. ಹತ್ತಿಯ ಮೇಲಿನ ಬೆಂಕಿ ಇದ್ದಲ್ಲೇ ನಿಂತುಬಿಟ್ಟಿತು.

ನಿಂತ ಬೆಂಕಿಯನ್ನು ಆ ಓಣಿಯವರು ಯಾರೂ ಕಂಡವರಲ್ಲ. ಬಾಗಿಲಲ್ಲಿದ್ದವರೆಲ್ಲ ಅದರಂತೆಯೇ ನಿಂತುಬಿಟ್ಟರು.

“ಏಮಿ ಇದಿ, ಮಲ್ಲಿ? ಏನಿದು?” ಎಂದ ಆದೆಪ್ಪ ಮೆಲ್ಲಗೆ. “ಉರಿನೂ ಇಲ್ಲ, ಹೊಗಿನೂ ಇಲ್ಲ.”

ಪಂಪಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದ. ಕೆಂಪು ಬಿದ್ದಿದ್ದ ಕಡೆ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿದ. ಹತ್ತಿ ತಣ್ಣಗಿತ್ತು. ಮಲ್ಲಿ ತೊಪ್ಪೆಯಾದ ದುಪಟ್ಟಾ ಹಿಂಡುತ್ತಾ ಮತ್ತೆ ಕೀ ಒತ್ತಿದಳು. ಬೆಳಕು ಅಪ್ಪನ ಕೈಮೇಲೆ, ಅಂಗಿಯ ಮೇಲೆ, ಬೆವರಿದ ಮುಖದ ಮೇಲೆ ಓಡಾಡಿತು. ಅವನು ಕೈ ಹಿಂದಕ್ಕೆ ತೆಗೆಯಲಿಲ್ಲ.

“ಸುಡವಲ್ದು,” ಎಂದ. ಟಿವಿಯ ಕಡೆ ತಿರುಗಿ, “ಇದನ್ನೇನ ನೀನು ಮಾಡಿದ್ದು?” ಎಂದು ಕೇಳಿದ.

“ಹೂಂ ಅಪ್ಪಾ.”

ಗೂಡಿನಲ್ಲಿದ್ದ ಫೋನಿನಿಂದ ದನಿ ಬಂದಾಗಲೇ ಚೇತನಾ ಇದ್ದಾಳೆಂದು ಮಲ್ಲಿಗೆ ನೆನಪಾದದ್ದು. ಅವಳು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ನೋಡಿದ್ದಳು. ಎಲ್ಲರೂ ಕ್ಷೇಮವೇ ಎಂದು ತೆಲುಗಿನಲ್ಲಿ ವಿಚಾರಿಸಿದಳು. ಆಮೇಲೆ ನಗು ತಡೆಯಲಾರದೆ, ಕುರಿಗಳು ಕೂಡ ಓಡಿ ಬಂದ ಮೇಲೆ ತಾನು ಹೇಳುವುದೇನೂ ಉಳಿದಿಲ್ಲ, ಬೆಂಕಿ ಪಾಸಾಯಿತು, ಸೋಮವಾರದಿಂದ ಮಲ್ಲಿ ಕಂಪನಿಯವಳೇ ಎಂದಳು. ಗದ್ದಲಕ್ಕೆ ಹಿತ್ತಲಿಂದ ಓಡಿ ಬಂದಿದ್ದ ಅವ್ವನನ್ನು ಮಲ್ಲಿ ಒದ್ದೆ ಬಟ್ಟೆಯಲ್ಲೇ ಅಪ್ಪಿಕೊಂಡಳು. ಅವಳಿಗೆ ಅಳುವೂ ಬಂತು, ನಗುವೂ ಬಂತು. ಜಂಬಮ್ಮ ಉಪ್ಪು ಮೆಣಸಿನಕಾಯಿ ತಂದು ಮೊದಲು ಮಗಳಿಗೆ, ಆಮೇಲೆ ಟಿವಿಗೆ ದೃಷ್ಟಿ ತೆಗೆದಳು. ಅದನ್ನು ಒಲೆಗೆ ಹಾಕಲು ಹಿತ್ತಲಿಗೇ ಹೋದಳು, ಕಟ್ಟಳೆ ಕಟ್ಟಳೆಯೇ.

ಪಂಪಣ್ಣ ಕಟ್ಟೆಗೆ ಹೋಗಿ ಎಮ್ಮಿಗನೂರಿನ ಶಾಲೆಯವರಿಗೆ ಫೋನು ಮಾಡಿದ. ಮಗಳು ಬರುವುದಿಲ್ಲ, ಆಕೆಗೆ ಬೇರೆ ಕೆಲಸ ಇದೆ ಎಂದ. ಏನು ಕೆಲಸ ಎಂದು ಅವರು ಕೇಳಿರಬೇಕು. ಬಂದು ನೋಡಿ, ಬರುವಾಗ ನೀರು ತರಬೇಡಿ ಎಂದು ಫೋನಿಟ್ಟ.

ಒಳಗೆ ಬಂದವನೇ ಟಿವಿಯ ಮೊಳೆಗೆ ಕೈ ಹಾಕಿದ. ಮಲ್ಲಿ ಗಾಬರಿಯಾಗಿ ಏನು ಮಾಡುತ್ತಿದ್ದೀ ಎಂದಳು.

“ಇವತ್ತು ಓಣಿಯವ್ರು ಓಡಿ ಬಂದ್ರು. ನಾಳೆ ಖರೇ ಬೆಂಕಿ ಬಿದ್ರ, ಮಲ್ಲಿದು ಅಂತ ಯಾರೂ ಏಳಂಗಿಲ್ಲ,” ಎಂದ ಪಂಪಣ್ಣ. “ಹತ್ತಿ ಹೋಗೋತನಕ ನಿನ್ನ ಬೆಂಕಿನೂ ಹೊರಗ ಇರಲಿ ತಾಯಿ. ಬೆಂಕಿ ಅಂದ್ರ ಬೆಂಕಿನ.”

ಆದೆಪ್ಪ ಕಂಪ್ಯೂಟರಿನ ಟೇಬಲ್ ಹಿಡಿದ, ಪಂಪಣ್ಣ ಟಿವಿಯನ್ನು ಎದೆಗವಚಿಕೊಂಡು ನಡೆದ. ಹತ್ತಿ ಆದೋನಿಗೆ ಹೋಗುವವರೆಗೆ ಆ ಹಿತ್ತಲಿನ ಚಪ್ಪರದಲ್ಲಿ ಒಂದು ಮೂಲೆಗೆ ಅವ್ವನ ಒಲೆ ಉರಿಯಿತು, ಇನ್ನೊಂದು ಮೂಲೆಗೆ ಮಗಳದು.