ತಲೆಗೊಂದು ಹಿಡಿ

ಹಂಪಸಾಗರದ ತಗಡಿನ ಪ್ರಾರ್ಥನಾಲಯಕ್ಕೆ ಸಭಾಪಾಲಕನಾಗಿ ಬಂದಾಗಿನಿಂದ ಪ್ರವೀಣಕುಮಾರ್ ಸಂಬಳದ ಮುಖ ಕಂಡವನಲ್ಲ. ಅವನ ಮನೆ ನಡೆಯುತ್ತಿದ್ದದ್ದು ಹಿಡಿ ಅಕ್ಕಿಯ ಮೇಲೆ. ಸಭೆಯ ಹೆಂಗಸರು ಅನ್ನಕ್ಕಿಡುವ ಮುಂಚೆ ಮನೆಯವರ ತಲೆಗೊಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ, ಭಾನುವಾರ ಅದನ್ನು ತಂದು ವೇದಿಕೆಯ ಮುಂದಿನ ಬುಟ್ಟಿಗೆ ಸುರಿಯುತ್ತಾರೆ. ಅದು ದೇವರ ಪಾಲು. ಆರಾಧನೆ ಮುಗಿದ ಮೇಲೆ ಬುಟ್ಟಿ ಸಭಾಪಾಲಕನ ಅಡುಗೆಮನೆಗೆ ಹೋಗುತ್ತದೆ. ಮನೆಯಲ್ಲಿ ಎಷ್ಟಿದೆ ಎಂದು ನೋಡದೆ ಕೊಡಬೇಕು ಅಂತ ಮೊದಲ ವರ್ಷ ಗಂಟಲು ಹರಿಯುವಂತೆ ಬೋಧಿಸಿದವನೂ ಅವನೇ.

ಒಂದು ಭಾನುವಾರ ದುರುಗಮ್ಮನ ಮೊಮ್ಮಗಳು ಸಮತಾ ಹಾಡುತ್ತಾ ಹಾಡುತ್ತಾ ಕುಸಿದು ಬಿದ್ದಳು. ತಂದೆತಾಯಿ ಇಲ್ಲದ ಹುಡುಗಿ. ಸಭಾಪಾಲಕನ ಹೆಂಡತಿ ಗೀತಾಂಜಲಿ ನೀರು ಕುಡಿಸಿ ವಿಚಾರಿಸಿದಳು. ರಾತ್ರಿ ಬರೀ ಗಂಜಿ ಕುಡಿದು ಮಲಗಿದ್ದರಂತೆ.

"ರೇಷನ್ ಅಕ್ಕಿ ಬರಂಗಿಲ್ಲೇನು?"

"ಬರತೈತ್ರಿ. ಅಜ್ಜಿ ಐದು ಹಿಡಿ ತೆಗಿತಾಳ್ರಿ."

ಮನೆಯಲ್ಲಿ ಇರುವುದೇ ಇಬ್ಬರು. ಪ್ರವೀಣಕುಮಾರ್ ಅಂದು ಸಂಜೆಯೇ ದುರುಗಮ್ಮನ ಮನೆಗೆ ಹೋದ. ಅವಳು ಮುಚ್ಚುಮರೆ ಮಾಡಲಿಲ್ಲ.

"ನಮ್ಮೆಜಮಾನಂದೊಂದು, ಮಗಂದೊಂದು, ಸೊಸಿದೊಂದು. ಅವರು ಸತ್ತಿಲ್ಲ, ದೇವರ ಹತ್ರ ಅದಾರ ಅಂತ ಹೂಳೋ ಗುಣಿ ಮುಂದ ನಿಂತು ನೀವ ಹೇಳಿದ್ರಲ್ರಿ ಅಯ್ನೋರ. ಇದ್ದೋರ ಪಾಲು ಹೆಂಗ ತಪ್ಪಸ್ಲಿ?"

"ಹುಡುಗಿ ಸೊರಗ್ಯಾಳವ್ವ. ದೇವರು ಮನಸ್ಸು ನೋಡ್ತಾನ, ಅಕ್ಕಿ ನೋಡಂಗಿಲ್ಲ."

"ಮನಸ್ಸು ಯಾವಾಗೋ ಕೊಟ್ಟೀನ್ರಿ. ಅಕ್ಕಿನೂ ಕೊಡ್ತೀನಿ. ನೀವೂ ಉಣಬೇಕಲ್ರಿ."

ಪ್ರವೀಣಕುಮಾರನಿಗೆ ತಾನು ತಿಂದ ಅನ್ನ ನೆನೆದೇ ನಾಚಿಕೆಯಾಯಿತು. ಮುಂದಿನ ವಾರ ಗೀತಾಂಜಲಿ ಅವಳ ಚೀಲವನ್ನು ಮೆಲ್ಲಗೆ ವಾಪಸು ಕೊಡಲು ಹೋದಳು. "ನನ್ನ ಕೈಯಾಗಿಂದು ದೇವರಿಗೆ ಬ್ಯಾಡಾತೇನ್ರಿ ಅಮ್ಮಾರ?" ಎಂದು ಮುದುಕಿ ಆರಾಧನೆ ಮುಗಿಯುವ ತನಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೋಗಲಿ ಎಂದು ಸಮತಾಳನ್ನು ದಿನಾ ತಮ್ಮ ಮನೆಯಲ್ಲೇ ಊಟಕ್ಕೆ ಕೂರಿಸಿಕೊಂಡರು. ಹುಡುಗಿ ಪಾಲಿನ ಅಕ್ಕಿ ಉಳಿಯಿತಲ್ಲ ಎಂದು ದುರುಗಮ್ಮ ಅದನ್ನೂ ತಂದು ಬುಟ್ಟಿಗೆ ಸುರಿದಳು, ಮೊಮ್ಮಗಳನ್ನು ಅಯ್ನೋರಿಗೆ ಭಾರ ಮಾಡಬಾರದೆಂದು ಊಟಕ್ಕೆ ಕಳಿಸುವುದನ್ನೂ ನಿಲ್ಲಿಸಿದಳು. ಇಂಥ ಭಕ್ತಿಯ ಜೊತೆ ಹೆಣಗುವುದು ಯಾರಿಂದಾದೀತು?

"ಯಾರು ಕೊಟ್ರು ಅಂತ ಗೊತ್ತಾಗಲಾರದಂಗ ಇಟ್ಟು ಬರೋಣು," ಎಂದಳು ಗೀತಾಂಜಲಿ. "ಕೊಟ್ಟೋರು ತಿಳೀದಿದ್ರ ತಿರುಗಿ ಯಾರಿಗೆ ಕೊಡ್ತಾಳ?"

ದುರುಗಮ್ಮ ಕಳೆ ತೆಗೆಯಲು, ಸಮತಾ ಶಾಲೆಗೆ ಹೋಗಿದ್ದ ಮಧ್ಯಾಹ್ನ ಪ್ರವೀಣಕುಮಾರ್ ತನ್ನ ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಚೀಲಕ್ಕೆ ತುಂಬಿ ಅವಳ ಹೊಸ್ತಿಲ ಒಳಗೆ ಇಟ್ಟು ಬಂದ. ಆ ವಾರ ಗಂಡಹೆಂಡತಿ ಬರೀ ರೊಟ್ಟಿ ತಿಂದರು. ಎಷ್ಟೋ ದಿನದ ಮೇಲೆ ತುತ್ತು ಗಂಟಲಿಗೆ ಸಿಕ್ಕದೆ ಇಳಿಯಿತು.

ಭಾನುವಾರ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವ ಹೊತ್ತಿಗೆ ದುರುಗಮ್ಮ ಎದ್ದು ನಿಂತಳು. ಹಿಂದೆಯೇ ಪಕ್ಕದ ಮನೆಯ ಹುಲುಗಪ್ಪ ತಲೆಯ ಮೇಲೆ ಅದೇ ಚೀಲ ಹೊತ್ತುಕೊಂಡು ಬಂದು ಬುಟ್ಟಿಯ ಪಕ್ಕ ಇಳಿಸಿದ. ಕಟ್ಟಿದ ಗಂಟು ಬಿಚ್ಚಿರಲಿಲ್ಲ.

"ಮನಿಯಾಗ ಯಾರೂ ಇದ್ದಿಲ್ಲ, ಚೀಲ ತಾನ ಬಂದೈತಿ," ಎಂದಳು ದುರುಗಮ್ಮ. "ಸತ್ತೋರ ಪಾಲು ನಿಲ್ಲಸ್ಲಿಲ್ಲ ಅಂತ ದೇವರು ಕಳಸ್ಯಾನ. ಮೊದಲು ಕೈಗೆ ಬಂದಿದ್ದು ಪ್ರಥಮ ಫಲ, ಆತಂದಲ್ಲೇನ್ರಿ? ನಾ ಹೆಂಗ ಮುಟ್ಲಿ?"

ಸಭೆಗೆ ಸಭೆಯೇ ಸ್ತೋತ್ರ ಸ್ತೋತ್ರ ಎಂದಿತು. ಹೆಂಗಸರು ಕಣ್ಣೊರೆಸಿಕೊಂಡರು. ಪ್ರವೀಣಕುಮಾರ್ ಬಾಯಿ ತೆರೆದ. ಚೀಲ ಇಟ್ಟವನು ನಾನು ಎಂದರೆ, ಬದುಕಿನಲ್ಲಿ ಒಮ್ಮೆ ದೇವರು ತನ್ನ ಹೊಸ್ತಿಲು ತುಳಿದ ಎಂದು ನಂಬಿ ನಿಂತ ಆ ಮುದುಕಿಗೆ ಇಷ್ಟು ಜನರ ಮುಂದೆ ಏನು ಉಳಿಯುತ್ತದೆ? ಸುಮ್ಮನಿದ್ದರೆ ಮುಂದಿನ ಸಾಲಿನಲ್ಲಿ ಕೂತ ಸಮತಾ ಮತ್ತೆ ಗಂಜಿ ಕುಡಿಯಬೇಕು. ಹುಡುಗಿ ಚೀಲವನ್ನೇ ನೋಡುತ್ತಿದ್ದಳು. ಅವನು ಆಮೆನ್ ಎಂದ. ಹಾಗೆ ಅಂದದ್ದಕ್ಕೆ ತನ್ನನ್ನೇ ಶಪಿಸಿಕೊಂಡ.

ಮುಂದಿನ ಭಾನುವಾರ ಹೆಂಗಸರು ಎಂದಿಗಿಂತ ಬೇಗ ಬಂದರು. ಬುಟ್ಟಿ ತುಂಬಿ ನೆಲಕ್ಕೆ ಚೆಲ್ಲಿತು. ಹಿಡಿ ಅಕ್ಕಿಯಲ್ಲ, ತಿಂಗಳ ರೇಷನ್ನನ್ನೇ ಗಂಟು ಬಿಚ್ಚದೆ ಹೊತ್ತು ತಂದಿದ್ದರು. ಕೂಲಿಯ ಮೇಲೆ ಬದುಕುವವರು, ಮನೆ ತುಂಬ ಮಕ್ಕಳಿರುವವರು, ಗಂಡ ಹಾಸಿಗೆ ಹಿಡಿದಿದ್ದ ಒಬ್ಬಳು. ಇವತ್ತು ಈ ಚೀಲಗಳನ್ನು ಕದ್ದುಮುಚ್ಚಿ ಅವರವರ ಮನೆಗೆ ಮುಟ್ಟಿಸಿದರೆ ಅದನ್ನೂ ಪವಾಡವೆಂದು ನಂಬಿ ಬರುವ ವಾರ ಸಭೆಯವರೆಲ್ಲ ತಂದು ಸುರಿಯುತ್ತಾರೆ, ಯಾರ ಮನೆಯಲ್ಲೂ ಕಾಳು ಉಳಿಯುವುದಿಲ್ಲ. ಮುಟ್ಟಿಸದಿದ್ದರೆ ಇವತ್ತೇ ಇವರ ಒಲೆ ಹತ್ತುವುದಿಲ್ಲ. ಅಂದು ಬೋಧನೆ ಏನು ಮಾಡಿದನೋ ಪ್ರವೀಣಕುಮಾರನಿಗೇ ನೆನಪಿಲ್ಲ.

ಆರಾಧನೆ ಮುಗಿದ ಮೇಲೆ ಗಂಡ ಹಾಸಿಗೆ ಹಿಡಿದಿದ್ದವಳು ಹತ್ತಿರ ಬಂದಳು. ಅವಳ ಹಿಂದೆ ಉಳಿದವರೂ ನಿಂತರು.

"ಕದ ತೆಗದಿಟ್ಟು ಬಂದೀವ್ರಿ ಅಯ್ನೋರ. ದುರುಗವ್ವನ ಮನಿಗೆ ಚೀಲ ಯಾ ಹೊತ್ತಿನಾಗ ಬಂದಿತ್ರಿ?"

"ಮಧ್ಯಾಹ್ನ," ಎಂದುಬಿಟ್ಟ ಪ್ರವೀಣಕುಮಾರ್. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಯಾರಿಗೂ ಅನುಮಾನ ಬರಲಿಲ್ಲ. "ಅಯ್ನೋರಿಗೆ ದೇವರು ಎಲ್ಲಾ ತಿಳಸ್ತಾನ," ಎಂದು ಅವಳು ಕೈ ಮುಗಿದಳು. ಆಮೇಲೆ ಹೊತ್ತಾಯಿತು ಎನ್ನುತ್ತಾ ಎಲ್ಲರೂ ಬಿರಬಿರನೆ ಮನೆ ಕಡೆ ನಡೆದರು.